ಮಲೆನಾಡಿನ ಚಾರಣ: ಮೊಣಕಾಲು ನೋವಿನವರಿಂದ ಗಟ್ಟಿಗರವರೆಗೆ, ಯಾರಿಗೆ ಯಾವ ದಾರಿ?

ಮಳೆಗಾಲ ಮುಗಿಯುತ್ತ ಬಂದಂತೆ ಓದುಗರಿಂದ ಬರುವ ಪ್ರಶ್ನೆಗಳೆಲ್ಲ ಒಂದೇ ಬಗೆಯವು. "ಅಮ್ಮನಿಗೆ ಮೊಣಕಾಲು ನೋವು, ಮುಳ್ಳಯ್ಯನಗಿರಿಗೆ ಕರೆದುಕೊಂಡು ಹೋಗಬಹುದೇ?" "ಮಗನಿಗೆ ಎಂಟು ವರ್ಷ, ಕುದುರೆಮುಖ ಹತ್ತುತ್ತಾನೆಯೇ?" "ನಾನು ಇದುವರೆಗೆ ಗುಡ್ಡ ಹತ್ತಿದವನೇ ಅಲ್ಲ, ಗೆಳೆಯರು ಕುಮಾರ ಪರ್ವತಕ್ಕೆ ಎಳೆಯುತ್ತಿದ್ದಾರೆ, ಹೋಗಲೇ?" ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹಾಕುತ್ತಿದ್ದೇನೆ. ಕೊಡಚಾದ್ರಿಯಿಂದ ಕೊಡಗಿನ ತಡಿಯಂಡಮೋಳ್‌ವರೆಗೆ, ನಮ್ಮ ಪಶ್ಚಿಮ ಘಟ್ಟದ ದಾರಿಗಳಷ್ಟೇ ಇದರಲ್ಲಿವೆ. ಬೆಂಗಳೂರಿನ ಸುತ್ತಲಿನ ಬಂಡೆಗುಡ್ಡಗಳ ಲೆಕ್ಕಾಚಾರವೇ ಬೇರೆ; ಅವುಗಳನ್ನು ಇಲ್ಲಿಗೆ ಎಳೆದು ತಂದಿಲ್ಲ.

1. ಮೊದಲು ಗುಂಪನ್ನು ನೋಡಿ, ಆಮೇಲೆ ಗುಡ್ಡವನ್ನು

ಹೆಚ್ಚಿನವರು ಫೋಟೋ ನೋಡಿ ಶಿಖರ ಆರಿಸುತ್ತಾರೆ, ಆಮೇಲೆ ಅದಕ್ಕೆ ಜನರನ್ನು ಹೊಂದಿಸುತ್ತಾರೆ. ಇದು ತಿರುಗುಮುರುಗಾಗಬೇಕು. ನಿಮ್ಮ ಜೊತೆ ಬರುವವರಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಯಾರು ಎಂದು ಮೊದಲು ಗುರುತಿಸಿ. ದಾರಿ ಆ ಒಬ್ಬರಿಗೆ ತಕ್ಕುದಾಗಿರಬೇಕು. ಗುಂಪಿನ ಸರಾಸರಿ ಶಕ್ತಿ ಎಂಬುದು ಕಾಗದದ ಮೇಲೆ ಚೆಂದ, ಗುಡ್ಡದ ಮೇಲೆ ಕೆಲಸಕ್ಕೆ ಬಾರದು.

ಹೊರಡುವುದಕ್ಕೆ ಎರಡು ಮೂರು ವಾರ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಬೆನ್ನಿಗೆ ನಾಲ್ಕು ಕಿಲೋ ಭಾರ ಹಾಕಿಕೊಂಡು ಮೆಟ್ಟಿಲು ಹತ್ತಿ ಇಳಿಯಿರಿ, ಅರ್ಧ ಗಂಟೆ. ಹತ್ತುವಾಗ ಪೂರ್ತಿ ವಾಕ್ಯದಲ್ಲಿ ಮಾತನಾಡಲು ಆಗುತ್ತಿದ್ದರೆ ಉಸಿರು ಸರಿಯಿದೆ. ಮಾರನೆಯ ದಿನ ಬೆಳಿಗ್ಗೆ ಮೊಣಕಾಲು ಊದಿಕೊಂಡಿದ್ದರೆ ಅಥವಾ ಕುಳಿತಲ್ಲಿಂದ ಏಳುವಾಗ ನೋವು ಹಿಡಿದರೆ ಉದ್ದದ ಇಳಿಜಾರಿರುವ ದಾರಿಗಳನ್ನು ಬಿಟ್ಟುಬಿಡಿ. ಮೊಣಕಾಲಿಗೆ ಪೆಟ್ಟು ಬೀಳುವುದು ಹತ್ತುವಾಗ ಅಲ್ಲ, ಇಳಿಯುವಾಗ. "ಹತ್ತಿಬಿಟ್ಟರೆ ಇಳಿಯುವುದು ಏನು ಮಹಾ" ಎನ್ನುವವರು ನಿಮ್ಮ ಗುಂಪಿನಲ್ಲೂ ಒಬ್ಬರು ಇದ್ದೇ ಇರುತ್ತಾರೆ. ಅವರ ಮಾತಿಗೆ ಕಿವಿಗೊಡಬೇಡಿ.

ಹೃದಯದ ತೊಂದರೆ, ಉಬ್ಬಸ, ಹತೋಟಿಯಲ್ಲಿಲ್ಲದ ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆ ಇದ್ದವರು ಮತ್ತು ಬಸುರಿಯರು ವೈದ್ಯರನ್ನು ಕೇಳದೆ ಕೆಳಗೆ ಹೇಳುವ ಎರಡನೆಯ ಬಗೆಗಿಂತ ಮೇಲಕ್ಕೆ ಹೋಗಬಾರದು.

2. ದಾರಿಯ ಲೆಕ್ಕ ಮಾಡಿ

"ಎಷ್ಟು ಕಿಲೋಮೀಟರ್?" ಎಂಬ ಪ್ರಶ್ನೆಯೊಂದೇ ಸಾಲದು. "ಎಷ್ಟು ಎತ್ತರ?" ಎಂಬುದಂತೂ ದಾರಿ ತಪ್ಪಿಸುವ ಪ್ರಶ್ನೆ. ಮುಳ್ಳಯ್ಯನಗಿರಿ 1,930 ಮೀಟರ್, ರಾಜ್ಯದಲ್ಲೇ ಎತ್ತರದ ಶಿಖರ. ಆದರೆ ವಾಹನ ಬಹುತೇಕ ತುದಿಯವರೆಗೆ ಹೋಗುತ್ತದೆ, ಉಳಿಯುವುದು ಕೆಲವು ನೂರು ಮೆಟ್ಟಿಲು. ಕುಮಾರ ಪರ್ವತ ಅದಕ್ಕಿಂತ ಕುಳ್ಳ, 1,712 ಮೀಟರ್. ಆದರೆ ನೀವು ನಡಿಗೆ ಶುರುಮಾಡುವ ಕುಕ್ಕೆ ಸುಬ್ರಹ್ಮಣ್ಯ ಇರುವುದು ಸಮುದ್ರ ಮಟ್ಟದಿಂದ ನೂರಿಪ್ಪತ್ತು ಮೀಟರ್ ಆಸುಪಾಸಿನಲ್ಲಿ. ಅಂದರೆ ಹತ್ತಿರ ಹತ್ತಿರ 1,600 ಮೀಟರ್ ಎತ್ತರವನ್ನು ನಿಮ್ಮ ಕಾಲೇ ಏರಬೇಕು. ಇದನ್ನು 'ಏರಿಕೆ' ಎನ್ನೋಣ: ಹೊರಡುವ ಜಾಗದಿಂದ ತುದಿಯವರೆಗಿನ ಎತ್ತರ. ನೀವು ವಿಚಾರಿಸಬೇಕಾದದ್ದು ಇದನ್ನು.

ಏರಿಕೆ ಮತ್ತು ದೂರ ಗೊತ್ತಾದರೆ ಹೊತ್ತನ್ನು ಅಂದಾಜು ಮಾಡಲು ಹಳೆಯ ಸೂತ್ರವೊಂದಿದೆ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬ ಪರ್ವತಾರೋಹಿ 1892ರಲ್ಲಿ ಕೊಟ್ಟದ್ದು: ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಇದು ಗಟ್ಟಿ ನಡಿಗೆಯ, ಸುಮ್ಮನೆ ಎಲ್ಲೂ ಕೂರದ ಜನರ ಲೆಕ್ಕ. ನಮ್ಮ ಸೆಕೆ, ನಮ್ಮ ಬೇರು ತುಂಬಿದ ಕಾಲುದಾರಿ, ನಮ್ಮ ಫೋಟೋ ಹುಚ್ಚು ಎಲ್ಲ ಸೇರಿ ಬಂದ ಉತ್ತರಕ್ಕೆ ಇನ್ನರ್ಧ ಸೇರಿಸಿ.

ಕುಮಾರ ಪರ್ವತಕ್ಕೇ ಹಾಕಿ ನೋಡಿ. ಕುಕ್ಕೆ ಕಡೆಯಿಂದ ಸುಮಾರು 13 ಕಿಲೋಮೀಟರ್, ಎರಡೂವರೆ ಗಂಟೆ. 1,600 ಮೀಟರ್ ಏರಿಕೆಗೆ ಎರಡೂ ಮುಕ್ಕಾಲು ಗಂಟೆ. ಒಟ್ಟು ಐದೂ ಕಾಲು, ಅದಕ್ಕೆ ಅರ್ಧ ಸೇರಿಸಿದರೆ ಹತ್ತಿರ ಹತ್ತಿರ ಎಂಟು ಗಂಟೆ. ಇದು ಬರೀ ಹತ್ತುವ ಹೊತ್ತು. ಇಳಿಯಲು ಐದಾರು ಗಂಟೆ ಹಿಡಿಯಿರಿ. ಡಿಸೆಂಬರಿನಲ್ಲಿ ಆರು ಗಂಟೆಗೆಲ್ಲ ಮುಸ್ಸಂಜೆ, ಕಾಡಿನೊಳಗೆ ಅದಕ್ಕೂ ಮೊದಲೇ ಕತ್ತಲು. ಈ ಶಿಖರವನ್ನು ಜನ ಎರಡು ದಿನಕ್ಕೆ ಹಂಚಿಕೊಳ್ಳುವುದು ಏಕೆ ಎಂದು ಈಗ ತಿಳಿಯಿತಲ್ಲ. ಒಂದೇ ದಿನದಲ್ಲಿ ಮುಗಿಸುವವರೂ ಇದ್ದಾರೆ. ಅವರಿಗೆ ಈ ಲೇಖನದ ಅಗತ್ಯವಿಲ್ಲ.

ದೂರ, ಏರಿಕೆಗಳ ಜೊತೆಗೆ ಇನ್ನೆರಡು ಸಂಗತಿ ಕೇಳಿಕೊಳ್ಳಿ: ನೆರಳಿಲ್ಲದ ಬೋಳುಗುಡ್ಡದ ಮೇಲೆ ಎಷ್ಟು ದೂರ ನಡೆಯಬೇಕು? ನಡುವೆ ಯಾರಿಗಾದರೂ ಆಗದಿದ್ದರೆ ವಾಹನ ಬರುವ ಜಾಗ ಎಷ್ಟು ಹಿಂದಿದೆ?

3. ಬಗೆ ನೋಡಿ ದಾರಿ ಆರಿಸಿ

ನಾನು ಈ ದಾರಿಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿಕೊಂಡಿದ್ದೇನೆ. ಇದು ಸರ್ಕಾರಿ ವರ್ಗೀಕರಣವಲ್ಲ, ನನ್ನದೇ.

ಮೊದಲ ಬಗೆ: ವಾಹನದಿಂದ ಇಳಿದರೆ ನೋಟ. ಗಾಲಿಕುರ್ಚಿಯವರು, ಕೋಲೂರಿ ನಡೆಯುವವರು, ಎಂಬತ್ತು ದಾಟಿದ ಅಜ್ಜ ಅಜ್ಜಿಯರು, ಕೈಗೂಸಿನ ತಾಯಂದಿರು ಈ ಬಗೆಗೆ ಬರುತ್ತಾರೆ. ಗಾಲಿಕುರ್ಚಿಗೆಂದೇ ಕಟ್ಟಿದ ಬೆಟ್ಟದ ದಾರಿಯನ್ನು ಮಲೆನಾಡಿನಲ್ಲಿ ಹುಡುಕಿಕೊಂಡು ಹೋಗಿ ನಿರಾಶರಾಗಬೇಡಿ. ಗುಡ್ಡಕ್ಕೆ ಹೋಗುವ ರಸ್ತೆಗಳನ್ನೇ ಬಳಸಿಕೊಳ್ಳಿ. ಮಡಿಕೇರಿಯ ರಾಜಾಸೀಟ್ ಊರೊಳಗೇ ಇರುವ ಉದ್ಯಾನ, ಕಣಿವೆಯ ಆಚೆ ಸಾಲು ಬೆಟ್ಟಗಳು ಎದುರಿಗೇ ಕಾಣುತ್ತವೆ. ಕೆಮ್ಮಣ್ಣುಗುಂಡಿಯಲ್ಲಿ ತೋಟಗಾರಿಕೆ ಇಲಾಖೆಯ ಉದ್ಯಾನದವರೆಗೆ ವಾಹನ ಹೋಗುತ್ತದೆ. ತೀರ್ಥಹಳ್ಳಿ ಮತ್ತು ಆಗುಂಬೆ ನಡುವಿನ ಕುಂದಾದ್ರಿಗೂ ಡಾಂಬರು ರಸ್ತೆ ಇದೆ. ಮೇಲಿನ ಜೈನ ಬಸದಿಗೆ ಕೊನೆಯಲ್ಲಿ ಮೆಟ್ಟಿಲು ಹತ್ತಬೇಕು, ಹತ್ತಲಾಗದವರಿಗೆ ವಾಹನ ನಿಲ್ಲುವ ಜಾಗದಿಂದಲೂ ನೋಟ ಸಿಗುತ್ತದೆ.

ಈ ಬಗೆಯವರಿಗೆ ನಾನು ಎಲ್ಲಕ್ಕಿಂತ ಹೆಚ್ಚು ಹೇಳುವುದು ಮಾತ್ರ ಬೇರೆಯದೇ. ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ ಅಥವಾ ಕೊಡಗಿನ ಕಾಫಿ ತೋಟದೊಳಗಿನ ಹೋಂಸ್ಟೇ ಒಂದರಲ್ಲಿ ಉಳಿದು ತೋಟದ ರಸ್ತೆಯಲ್ಲಿ ನಡೆಯಿರಿ. ಜೀಪು ಓಡಾಡಲು ಮಾಡಿದ ರಸ್ತೆ, ಏರಿಳಿತ ಹದವಾಗಿರುತ್ತದೆ, ಸಿಲ್ವರ್ ಓಕ್ ಮರಗಳ ನೆರಳು ಉದ್ದಕ್ಕೂ ಇರುತ್ತದೆ, ಸಾಕೆನಿಸಿದಲ್ಲಿ ಹಿಂದಿರುಗಬಹುದು. ಬೇಸಿಗೆಯ ಮೊದಲ ಹೂಮಳೆ ಬಿದ್ದು ಒಂದು ವಾರ ಹತ್ತು ದಿನಕ್ಕೆ ಕಾಫಿ ಗಿಡಗಳು ಬೆಳ್ಳಗೆ ಅರಳುತ್ತವೆ. ಕಣ್ಣು ಕಾಣದವರಿಗೂ ಆ ದಿನಗಳಲ್ಲಿ ತೋಟ ಪೂರ್ತಿ 'ಕಾಣುತ್ತದೆ', ಅಷ್ಟು ಗಾಢ ಪರಿಮಳ. ದೃಷ್ಟಿ ಇಲ್ಲದವರ ಜೊತೆ ನಡೆಯುವಾಗ ಅವರ ಕೈ ಹಿಡಿದು ಎಳೆಯಬೇಡಿ. ನಿಮ್ಮ ಮೊಣಕೈಯನ್ನೋ ಬೆನ್ನಚೀಲದ ಪಟ್ಟಿಯನ್ನೋ ಅವರೇ ಹಿಡಿಯಲಿ, ನೀವು ಅರ್ಧ ಹೆಜ್ಜೆ ಮುಂದಿರಿ, ಕಲ್ಲು, ಬೇರು, ಇಳಿಜಾರು ಬಂದಾಗ ಮೊದಲೇ ಹೇಳಿ. ಹೋಂಸ್ಟೇ ಕಾಯ್ದಿರಿಸುವಾಗ "ಅನುಕೂಲ ಇದೆಯೇ?" ಎಂದು ಕೇಳಿದರೆ ಎಲ್ಲರೂ "ಇದೆ" ಎಂದೇ ಹೇಳುತ್ತಾರೆ. "ಕೋಣೆಗೆ ಎಷ್ಟು ಮೆಟ್ಟಿಲು? ಸ್ನಾನದ ಮನೆ ಬಾಗಿಲು ಎಷ್ಟು ಅಗಲ? ಗೇಟಿನಿಂದ ಮನೆಯವರೆಗೆ ಕಾರು ಬರುತ್ತದೆಯೇ, ಜೀಪೇ ಬೇಕೇ?" ಎಂದು ಬಿಡಿಸಿ ಕೇಳಿ.

ಎರಡನೆಯ ಬಗೆ: ಒಂದೆರಡು ಗಂಟೆಯ ನಡಿಗೆ. ಆರೇಳು ವರ್ಷದ ಮಕ್ಕಳು, ಆರೋಗ್ಯವಾಗಿರುವ ಹಿರಿಯರು, ಮೊದಲ ಸಲದವರು ಇಲ್ಲಿಂದ ಶುರುಮಾಡಬೇಕು. ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗ ನನ್ನ ಮೊದಲ ಆಯ್ಕೆ. ಕೆಳದಿ ನಾಯಕರ ಈ ಕೋಟೆಗೆ ಗದ್ದೆಯ ಅಂಚಿನಿಂದ ಹೊರಟು, ಚಪ್ಪಡಿ ಹಾಸಿದ ದಾರಿಯಲ್ಲಿ ಒಂದೊಂದೇ ಹೆಬ್ಬಾಗಿಲು ದಾಟುತ್ತ ಹೋಗುತ್ತೀರಿ. ಮಕ್ಕಳಿಗೆ ಪ್ರತಿ ಹತ್ತು ನಿಮಿಷಕ್ಕೆ ಹೊಸದೊಂದು ಸಿಗುತ್ತದೆ, ದೇವಾಲಯ, ಕೊಳ, ಅರಮನೆಯ ತಳಪಾಯ. ಎಚ್ಚರಿಕೆ ಒಂದೇ: ಮಳೆ ಬಿದ್ದ ಮೇಲೆ ಆ ಚಪ್ಪಡಿಗಳ ಮೇಲೆ ಪಾಚಿ ಹಿಡಿದು ಎಣ್ಣೆ ಸವರಿದಂತಾಗುತ್ತದೆ. ಇಳಿಯುವಾಗ ಚಪ್ಪಡಿಯ ನಡುವೆ ಹೆಜ್ಜೆ ಇಡದೆ ಎರಡು ಚಪ್ಪಡಿ ಕೂಡುವ ಸಂದಿಯ ಒರಟು ಅಂಚಿನ ಮೇಲೆ ಪಾದ ಊರಿ.

ಮುಳ್ಳಯ್ಯನಗಿರಿಯ ಮೆಟ್ಟಿಲುಗಳೂ ಈ ಬಗೆಯವೇ. ಕೈಹಿಡಿ ಎಲ್ಲೆಡೆ ಇರುತ್ತದೆ ಎಂದುಕೊಳ್ಳಬೇಡಿ, ಗಾಳಿ ಜೋರು. ಮೊಣಕಾಲು ನೋವಿನ ಅಮ್ಮನ ಪ್ರಶ್ನೆಗೆ ಉತ್ತರ: ಮೇಲಿನ ವಾಹನ ನಿಲುಗಡೆಯವರೆಗೆ ಧಾರಾಳವಾಗಿ ಕರೆದುಕೊಂಡು ಹೋಗಿ, ಮೆಟ್ಟಿಲಿನ ವಿಷಯ ಅವರಿಗೇ ಬಿಡಿ, ಒತ್ತಾಯ ಬೇಡ. ವಾರಾಂತ್ಯದಲ್ಲಿ ಆ ಕಿರಿದಾದ ರಸ್ತೆಯಲ್ಲಿ ವಾಹನಗಳು ಗಂಟೆಗಟ್ಟಲೆ ಸಿಕ್ಕಿಹಾಕಿಕೊಳ್ಳುತ್ತವೆ. ಈ ಕಾರಣಕ್ಕೇ ಜಿಲ್ಲಾಡಳಿತ ವಾಹನಗಳ ಸಂಖ್ಯೆಗೆ ಮಿತಿ ಹಾಕಿ ಮುಂಗಡ ನೋಂದಣಿ ತಂದಿದೆ. ಹೊರಡುವ ಮೊದಲು ಅಂದಿನ ನಿಯಮ ನೋಡಿಕೊಳ್ಳಿ.

ಕೆಮ್ಮಣ್ಣುಗುಂಡಿಯ ಝಡ್ ಪಾಯಿಂಟ್ ಹೋಗಿ ಬರಲು ಆರು ಕಿಲೋಮೀಟರ್ ಆಸುಪಾಸು. ದಾರಿಯಲ್ಲಿ ಶಾಂತಿ ಜಲಪಾತ ಸಿಗುತ್ತದೆ. ದೂರ ಕಡಿಮೆ, ಆದರೆ ಕೆಲವೆಡೆ ಒಂದು ಮಗ್ಗುಲಲ್ಲಿ ಪ್ರಪಾತ. ಓಡುವ ವಯಸ್ಸಿನ ಮಕ್ಕಳಿದ್ದರೆ ಕೈ ಬಿಡುವಂತಿಲ್ಲ, ತಲೆ ಸುತ್ತುವವರಿಗೆ ಬೇಡ.

ಮೂರನೆಯ ಬಗೆ: ಅರ್ಧ ದಿನದ ಏರು. ಮೂಡಿಗೆರೆ ಕಡೆಯ ಎತ್ತಿನಭುಜ, ಮುಳ್ಳಯ್ಯನಗಿರಿಗೆ ರಸ್ತೆ ಬಿಟ್ಟು ಸರ್ಪದಾರಿಯಿಂದ ಹತ್ತುವುದು, ಕೊಡಗಿನ ತಡಿಯಂಡಮೋಳ್, ಕೊಡಚಾದ್ರಿ. ಹತ್ತು ಹನ್ನೆರಡು ವರ್ಷದ ಚುರುಕಿನ ಮಕ್ಕಳು, ವಾರಕ್ಕೆ ಮೂರು ನಾಲ್ಕು ದಿನ ನಡೆಯುವ ಅಭ್ಯಾಸ ಇರುವ ದೊಡ್ಡವರು ಇಲ್ಲಿಗೆ ಬರಬಹುದು. ಎತ್ತಿನಭುಜಕ್ಕೆ ಭೈರಾಪುರದ ಕಡೆಯಿಂದ ಹೋದರೆ ದಾರಿ ಚಿಕ್ಕದು, ಬಹುಪಾಲು ಸಲೀಸು. ಕೊನೆಯ ಬಂಡೆ ಮಾತ್ರ ಎತ್ತಿನ ಹೆಗಲ ಮೇಲಿನ ಇಣಿಯಂತೆಯೇ (ಡುಬ್ಬದಂತೆಯೇ) ಎದ್ದು ನಿಂತಿದೆ, ಅಲ್ಲಿ ಕೈಯನ್ನೂ ಬಳಸಬೇಕು. ಶಿಶಿಲದ ಕಡೆಯಿಂದ ಹತ್ತುವುದು ಘಟ್ಟವನ್ನೇ ಪೂರ್ತಿ ಹತ್ತಿದಂತೆ; ಹೆಸರು ಒಂದೇ ಎಂದು ಗೊಂದಲ ಮಾಡಿಕೊಳ್ಳಬೇಡಿ. ಸರ್ಪದಾರಿ ಹೆಸರಿಗೆ ತಕ್ಕಂತೆ ಏಣಿನ, ಅಂದರೆ ಗುಡ್ಡದ ಉದ್ದನೆಯ ಬೆನ್ನಿನ, ಮೇಲೆ ಅಂಕುಡೊಂಕಾಗಿ ಹೋಗುತ್ತದೆ, ನೆರಳು ಇಲ್ಲವೇ ಇಲ್ಲ. ಒಂಬತ್ತು ಗಂಟೆಯೊಳಗೆ ಮೇಲಿರಬೇಕು.

ತಡಿಯಂಡಮೋಳ್ 1,748 ಮೀಟರ್, ಕೊಡಗಿನ ಅತಿ ಎತ್ತರದ ಶಿಖರ. ಕಕ್ಕಬ್ಬೆ ಹತ್ತಿರದ ನಾಲ್ಕುನಾಡು ಅರಮನೆಯಿಂದ ನಡಿಗೆ ಶುರು. 1790ರ ದಶಕದಲ್ಲಿ ದೊಡ್ಡ ವೀರರಾಜೇಂದ್ರ ಕಟ್ಟಿಸಿದ ಅರಮನೆ ಅದು. ಬೆಳಿಗ್ಗೆ ಅವಸರದಲ್ಲಿ ಬಿಟ್ಟು ಹೋಗಿ, ಇಳಿದ ಮೇಲೆ ನಿಧಾನವಾಗಿ ನೋಡಿ. ಈ ದಾರಿಯನ್ನು ಮೂರನೆಯ ಬಗೆಯವರಿಗೆ ನಾನು ಧೈರ್ಯವಾಗಿ ಹೇಳುವುದಕ್ಕೆ ಕಾರಣವಿದೆ. ಮೊದಲ ಭಾಗ ರಸ್ತೆ, ಎರಡನೆಯ ಭಾಗ ಜೀಪಿನ ದಾರಿ, ಕಡಿದಾದ ಏರು ಬರುವುದು ಕಟ್ಟಕಡೆಗೆ, ಶೋಲಾ ಕಾಡಿನೊಳಗೆ. ಶೋಲಾ ಎಂದರೆ ಹುಲ್ಲುಗುಡ್ಡಗಳ ಮಡಿಕೆಯಲ್ಲಿ, ನೀರಿನ ಒರತೆ ಇರುವಲ್ಲಿ ಮಾತ್ರ ಬೆಳೆಯುವ ಕುಳ್ಳ ಮರಗಳ ದಟ್ಟ ಕಾಡು. ಆ ಕಾಡು ತಲುಪುವ ಮೊದಲೇ ಯಾರಿಗಾದರೂ ಸುಸ್ತಾದರೆ ಅವರು ನೋಟ ನೋಡುತ್ತ ಅಲ್ಲೇ ಕೂರಬಹುದು, ಜೊತೆಗೊಬ್ಬರು ಇರಲಿ. ಶಿಖರ ಮುಟ್ಟದೆಯೂ ದಿನ ತುಂಬುತ್ತದೆ.

ಕೊಡಚಾದ್ರಿ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬಹಳ ಹಬ್ಬಿದೆ: "ಜೀಪು ಹೋಗುತ್ತದೆ, ಹಾಗಾಗಿ ಸುಲಭ." ಜೀಪು ಹೋಗುವುದು ನಿಜ, ಮೂಲ ಮೂಕಾಂಬಿಕೆ ದೇವಸ್ಥಾನದ ಹತ್ತಿರದವರೆಗೆ. ಆದರೆ ಅದು ರಸ್ತೆಯಲ್ಲ, ಕೊರಕಲು. ಜೀಪಿನಲ್ಲಿ ಕುಳಿತವರ ತಲೆ ಮೇಲಿನ ಕಂಬಿಗೆ ಬಡಿಯುತ್ತದೆ, ಮೈಯೆಲ್ಲ ಕುಲುಕುತ್ತದೆ. ಬೆನ್ನು ಹುರಿಯ ತೊಂದರೆ ಇರುವವರು, ಬಸುರಿಯರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು ಆ ಜೀಪು ಹತ್ತಲೇಬಾರದು. ಅಲ್ಲಿಂದ ಸರ್ವಜ್ಞ ಪೀಠಕ್ಕೆ ಮತ್ತೆ ಏರುದಾರಿಯ ನಡಿಗೆ ಇದೆ. 1,343 ಮೀಟರ್ ಎತ್ತರದ ಆ ಪುಟ್ಟ ಕಲ್ಲಿನ ಮಂಟಪದ ಬಳಿ ನಿಂತರೆ ಕಡಲಿನ ಕಡೆಗೆ ಘಟ್ಟ ಧುಮುಕುವುದು ಕಾಣುತ್ತದೆ, ಮಂಜು ಬಿಟ್ಟರೆ.

ನಾಲ್ಕನೆಯ ಬಗೆ: ಪೂರ್ತಿ ದಿನ ಅಥವಾ ಎರಡು ದಿನ. ಕುದುರೆಮುಖ, ನೇತ್ರಾವತಿ ಶಿಖರ, ನರಸಿಂಹ ಪರ್ವತ, ಬ್ರಹ್ಮಗಿರಿ, ಕುಮಾರ ಪರ್ವತ. ಮೂರನೆಯ ಬಗೆಯದ್ದನ್ನು ಎರಡು ಸಲವಾದರೂ ಆರಾಮವಾಗಿ ಮುಗಿಸಿದವರಿಗಷ್ಟೇ. ಕುದುರೆಮುಖಕ್ಕೆ ಕಳಸದ ಕಡೆ, ಸಂಸೆ ಬಳಿಯ ಬಾಳೆಗಲ್‌ನಿಂದ ಜೀಪಿನಲ್ಲಿ ಮುಳ್ಳೋಡಿಗೆ ಹೋಗಿ ಅಲ್ಲಿಂದ ನಡೆಯಬೇಕು. ಹೋಗಿ ಬರಲು ಇಪ್ಪತ್ತು ಕಿಲೋಮೀಟರಿಗೂ ಮಿಕ್ಕಿ. ಹಳ್ಳಗಳು, ಶೋಲಾ, ಆಮೇಲೆ ಬರೀ ಹುಲ್ಲು. ಒಂಟಿಮರ ದಾಟಿದ ಮೇಲೆ ಬಿಸಿಲಿಗೆ ಮರೆಯೇ ಇಲ್ಲದ ಉದ್ದದ ಏರಿದೆ, ಜನ ಸೋಲುವುದು ಅಲ್ಲೇ. ರಾಷ್ಟ್ರೀಯ ಉದ್ಯಾನದೊಳಗೆ ರಾತ್ರಿ ತಂಗುವಂತಿಲ್ಲ, ಅದೇ ದಿನ ಇಳಿಯಬೇಕು. ಎಂಟು ವರ್ಷದ ಮಗನ ಪ್ರಶ್ನೆಗೆ ಉತ್ತರ: ಈ ವರ್ಷ ಬೇಡ. ಕೆಲವು ಮಕ್ಕಳು ಹತ್ತುತ್ತಾರೆ, ನಿಜ; ಆದರೆ ಹತ್ತನೆಯ ಕಿಲೋಮೀಟರಿನಲ್ಲಿ ಕಾಲು ಸೋತ ಮಗುವನ್ನು ಇನ್ನು ಹತ್ತು ಕಿಲೋಮೀಟರ್ ಹೊತ್ತು ತರಲು ನಿಮಗೆ ಆಗುತ್ತದೆಯೇ ಎಂಬುದೇ ನಿಜವಾದ ಪ್ರಶ್ನೆ.

ಕುಮಾರ ಪರ್ವತದಲ್ಲಿ ಕುಕ್ಕೆಯಿಂದ ಗಿರಿಗದ್ದೆಯವರೆಗೆ ದಟ್ಟ ಕಾಡಿನ ಕಡಿದಾದ ಏರು, ಬೆವರು ಹರಿಯುವ ಸೆಕೆ. ಅಲ್ಲಿ ಭಟ್ಟರ ಮನೆ ಎಂದೇ ಹೆಸರಾದ ಮನೆಯಲ್ಲಿ ಊಟ ಸಿಗುತ್ತದೆ, ಆದರೆ ಮೊದಲೇ ತಿಳಿಸಿರಬೇಕು. ಅಲ್ಲಿಂದ ಮುಂದೆ ಬೋಳುಗುಡ್ಡ, ಕಲ್ಲುಮಂಟಪ, ಶೇಷ ಪರ್ವತ, ಮತ್ತೆ ಕಾಡಿಗೆ ಇಳಿದು ಕೊನೆಯಲ್ಲಿ ಬಂಡೆಯ ಏರು. ಶೇಷ ಪರ್ವತವನ್ನೇ ತುದಿ ಎಂದುಕೊಂಡು ಇದ್ದ ಬದ್ದ ನೀರನ್ನೆಲ್ಲ ಅಲ್ಲೇ ಕುಡಿದು ಮುಗಿಸುವವರು ಬಹಳ. ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ ದಾರಿ ಅರ್ಧದಷ್ಟು ಚಿಕ್ಕದು, ಆದರೆ ನುಣುಪಾದ ಬಂಡೆಗಳಿವೆ. ಮೊದಲ ಸಲದ ಗೆಳೆಯನಿಗೆ ನನ್ನ ಉತ್ತರ: ಆ ಗೆಳೆಯರನ್ನೇ ಮೊದಲು ತಡಿಯಂಡಮೋಳಿಗೆ ಎಳೆದುಕೊಂಡು ಹೋಗಿ.

4. ತಿಂಗಳು

ಅಕ್ಟೋಬರ್‌ನಿಂದ ಜನವರಿ. ಜೂನ್‌ನಿಂದ ಸೆಪ್ಟೆಂಬರ್ ಘಟ್ಟದಲ್ಲಿ ಮಳೆ, ಹಳ್ಳಗಳು ಒಂದೇ ಗಂಟೆಯಲ್ಲಿ ದಾಟಲಾಗದಂತೆ ಏರುತ್ತವೆ. ಫೆಬ್ರವರಿಯಿಂದ ಹುಲ್ಲು ಒಣಗಿ ಕಾಳ್ಗಿಚ್ಚಿನ ಭಯ. ಅರಣ್ಯ ಇಲಾಖೆ ಹಲವು ದಾರಿಗಳನ್ನು ಮುಚ್ಚುತ್ತದೆ. ಮುಚ್ಚಿದ ದಾರಿಗೆ "ನಮಗೆ ಗೊತ್ತಿರುವವರಿದ್ದಾರೆ" ಎಂದು ಕರೆದೊಯ್ಯುವವರ ಹಿಂದೆ ಹೋಗಬೇಡಿ. ಅಭಯಾರಣ್ಯಕ್ಕೆ ಅನುಮತಿ ಇಲ್ಲದೆ ಹೋಗುವುದು ಅಪರಾಧ, ಕೇಸು ಬೀಳುವುದು ನಿಮ್ಮ ಮೇಲೆ.

5. ಅನುಮತಿ ಪಡೆಯಿರಿ

2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ಸಾಲು ರಜೆಗೆ ಕುಮಾರ ಪರ್ವತಕ್ಕೆ ಒಮ್ಮೆಗೇ ಭಾರೀ ಜನಸಂದಣಿ ನುಗ್ಗಿದ ಮೇಲೆ ಸರ್ಕಾರ ಚಾರಣಗಳನ್ನು ಕೆಲಕಾಲ ನಿಲ್ಲಿಸಿತು. ಮತ್ತೆ ತೆರೆದಾಗ ಆನ್‌ಲೈನ್ ನೋಂದಣಿ ಕಡ್ಡಾಯವಾಯಿತು, ಒಂದು ದಾರಿಗೆ ದಿನಕ್ಕೆ 300 ಜನರ ಮಿತಿ ಬಂತು. ಈಗ ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ದಾರಿ ಮತ್ತು ದಿನಾಂಕ ಆರಿಸಿ, ಬರುವವರೆಲ್ಲರ ಹೆಸರು ಮತ್ತು ಗುರುತಿನ ಚೀಟಿಯ ವಿವರ ತುಂಬಿ, ಶುಲ್ಕ ಕಟ್ಟಬೇಕು.

ಇಲ್ಲಿ ಎಡವುವ ಜಾಗಗಳು ಇವು. ವಾರಾಂತ್ಯದ ಟಿಕೆಟ್ ಬೇಗ ಮುಗಿಯುತ್ತದೆ, ಹಾಗಾಗಿ ಬಸ್ಸು, ಹೋಂಸ್ಟೇ ಕಾಯ್ದಿರಿಸುವ ಮೊದಲು ಚಾರಣದ ಟಿಕೆಟ್ ತೆಗೆದುಕೊಳ್ಳಿ. ಚೀಟಿಯಲ್ಲಿರುವ ಹೆಸರೇ ಟಿಕೆಟ್‌ನಲ್ಲೂ ಇರಲಿ, ಮೂಲ ಗುರುತಿನ ಚೀಟಿ ಜೊತೆಗಿರಲಿ. ಟಿಕೆಟನ್ನು ಮೊಬೈಲಿನಲ್ಲಿ ಇಳಿಸಿಕೊಂಡಿರಿ, ಸಾಧ್ಯವಾದರೆ ಒಂದು ಪ್ರತಿ ಕಾಗದದಲ್ಲಿ. ತಪಾಸಣಾ ಠಾಣೆಯ ಹತ್ತಿರ ಸಂಪರ್ಕ ಸಿಗದೆ ಪರದಾಡುವವರನ್ನು ಪ್ರತಿ ಋತುವಿನಲ್ಲೂ ನೋಡುತ್ತೇನೆ. ಬೆಳಿಗ್ಗೆ ಇಂತಿಷ್ಟು ಗಂಟೆಯೊಳಗೆ ಒಳಗೆ ಬಿಡುವುದು, ಸಂಜೆಯೊಳಗೆ ಹೊರಬರುವುದು ಎಂಬ ನಿಯಮ ಇರುತ್ತದೆ. ಮಧ್ಯವರ್ತಿಗಳು "ಎಲ್ಲ ನಾವೇ ನೋಡಿಕೊಳ್ಳುತ್ತೇವೆ" ಎಂದರೆ ನಿಮ್ಮ ಹೆಸರಿರುವ ಟಿಕೆಟ್ ತೋರಿಸಿ ಎನ್ನಿ, ಹಣ ಆಮೇಲೆ. ಮಾರ್ಗದರ್ಶಕ ಕಡ್ಡಾಯವಾಗಿರುವ ದಾರಿಗಳಲ್ಲಿ ಅದನ್ನು ದಂಡ ಎಂದು ನೋಡಬೇಡಿ. ಕಾಟಿ (ಕಾಡುಕೋಣ) ಎಲ್ಲಿ ಮೇಯುತ್ತದೆ, ಯಾವ ಹಳ್ಳ ಎಲ್ಲಿ ದಾಟಬೇಕು ಎಂಬುದು ಆ ಊರಿನ ಹುಡುಗನಿಗೆ ಗೊತ್ತು, ನಿಮ್ಮ ನಕ್ಷೆಗೆ ಗೊತ್ತಿಲ್ಲ.

6. ಚೀಲ ತುಂಬುವುದು

ಹೊಸ ಬೂಟು ಹಾಕಿಕೊಂಡು ಬರಬೇಡಿ. ಕನಿಷ್ಠ ಎರಡು ವಾರ ಊರಲ್ಲೇ ಹಾಕಿ ನಡೆದಿರಬೇಕು. ಅಡಿಭಾಗ ಸವೆದ ಓಟದ ಬೂಟು ಒದ್ದೆ ಬಂಡೆಯ ಮೇಲೆ ಹೊಸ ಬೂಟಿಗಿಂತಲೂ ಅಪಾಯ. ಹಿಂದಿನ ದಿನ ಕಾಲಿನ ಉಗುರು ಕತ್ತರಿಸಿ. ಗಂಟೆಗಟ್ಟಲೆ ಇಳಿಯುವಾಗ ಹೆಬ್ಬೆರಳು ಬೂಟಿನ ಮೂತಿಗೆ ಗುದ್ದಿ ಗುದ್ದಿ ಉಗುರು ಕಪ್ಪಾಗುತ್ತದೆ. ಜೀನ್ಸ್ ಬೇಡ, ನೆನೆದರೆ ಭಾರ, ಒಣಗುವುದಿಲ್ಲ, ತೊಡೆ ಉಜ್ಜುತ್ತದೆ.

ಎರಡನೆಯ ಬಗೆಗೆ ತಲಾ ಒಂದು ಲೀಟರ್ ನೀರು, ಮೂರನೆಯದಕ್ಕೆ ಎರಡು, ನಾಲ್ಕನೆಯದಕ್ಕೆ ಮೂರು. ಓಆರ್‌ಎಸ್ ಪೊಟ್ಟಣ ಎರಡು. ಊಟಕ್ಕೆ ಚಪಾತಿ, ಅವಲಕ್ಕಿ, ಬಾಳೆಹಣ್ಣು, ಕಡಲೆಮಿಠಾಯಿ, ಖರ್ಜೂರ; ಪಲಾವು, ಮೊಸರನ್ನದ ಡಬ್ಬಿ ಬಿಸಿಲಿಗೆ ಹಳಸುತ್ತದೆ. ಮಳೆ ಅಂಗಿ, ಟಾರ್ಚು, ಸೀಟಿ, ಬ್ಯಾಂಡೇಜು, ನೀವು ದಿನವೂ ತೆಗೆದುಕೊಳ್ಳುವ ಮಾತ್ರೆ. ಸಕ್ಕರೆ ಕಾಯಿಲೆಯವರು ಮಿಠಾಯಿಯನ್ನು ಚೀಲದ ತಳಕ್ಕೆ ಹಾಕದೆ ಜೇಬಿನಲ್ಲೇ ಇಟ್ಟುಕೊಳ್ಳಿ. ಮೊಣಕಾಲಿನವರಿಗೆ ಎರಡು ಊರುಗೋಲು, ಒಂದು ಸಾಲದು. ಪ್ಲಾಸ್ಟಿಕ್ಕನ್ನು ಕೆಲವು ಠಾಣೆಗಳಲ್ಲಿ ಎಣಿಸಿ ಬರೆದುಕೊಂಡು ಹಿಂದಿರುಗುವಾಗ ಲೆಕ್ಕ ಕೇಳುತ್ತಾರೆ, ಮದ್ಯ ಸಿಕ್ಕರೆ ಅಲ್ಲಿಂದಲೇ ವಾಪಸು.

7. ನಡೆಯುವಾಗ

ಎಲ್ಲರಿಗಿಂತ ನಿಧಾನದವರು ಮುಂದೆ, ದಾರಿ ಗೊತ್ತಿರುವ ಗಟ್ಟಿಗರೊಬ್ಬರು ಕೊನೆಯಲ್ಲಿ. ನಿಧಾನದವರನ್ನು ಹಿಂದೆ ಬಿಟ್ಟರೆ ಅವರು ನಿಮ್ಮನ್ನು ತಲುಪುವ ಹೊತ್ತಿಗೆ ನಿಮ್ಮ ವಿಶ್ರಾಂತಿ ಮುಗಿದಿರುತ್ತದೆ, ನೀವು ಎದ್ದು ಹೊರಡುತ್ತೀರಿ. ದಿನವಿಡೀ ಅವರಿಗೆ ಕೂರಲು ಸಿಗುವುದೇ ಇಲ್ಲ.

ಹಿಂದಿರುಗುವ ಗಂಟೆಯನ್ನು ಬೆಳಿಗ್ಗೆಯೇ ಗೊತ್ತುಮಾಡಿ ಎಲ್ಲರಿಗೂ ಹೇಳಿ. ಕುದುರೆಮುಖಕ್ಕಾದರೆ ಮಧ್ಯಾಹ್ನ ಒಂದು ಗಂಟೆ. ಆ ಹೊತ್ತಿಗೆ ತುದಿ ಇನ್ನೂರು ಮೀಟರ್ ಮುಂದಿದ್ದರೂ ತಿರುಗಿ. ಇದು ಹೇಳಲು ಸುಲಭ, ಆಗ ಒಪ್ಪಿಸುವುದು ಕಷ್ಟ. ಅದಕ್ಕೇ ಬೆಳಿಗ್ಗೆ ಒಪ್ಪಿಸಿಕೊಂಡಿರಬೇಕು.

ಇಳಿಯುವಾಗ ಚಿಕ್ಕ ಹೆಜ್ಜೆ, ಮೊಣಕಾಲು ತುಸು ಬಾಗಿರಲಿ, ಕಡಿದಾದಲ್ಲಿ ಪಾದ ಓರೆಯಾಗಿ. ಏಣಿನ ಮೇಲೆ ಮಂಜು ಮುಸುಕಿದರೆ ಕೂತುಬಿಡಿ. ಹತ್ತಿಪ್ಪತ್ತು ನಿಮಿಷದಲ್ಲಿ ಎಷ್ಟೋ ಸಲ ಸರಿಯುತ್ತದೆ. ಗುಡುಗು ಕೇಳಿದರೆ ಮಾತ್ರ ಕೂರುವಂತಿಲ್ಲ, ಏಣಿನಿಂದ ಕೆಳಗಿಳಿಯಿರಿ, ಒಂಟಿ ಮರದಡಿ ನಿಲ್ಲಬೇಡಿ.

8. ಇಂಬಳ, ಉಣುಗು, ಹೆಜ್ಜೇನು, ಕಾಟಿ

ಇಂಬಳದ ಬಗ್ಗೆ ಹೆದರಿಕೆ ಹೆಚ್ಚು, ಅಪಾಯ ಕಡಿಮೆ. ನೆಲದ ಮೇಲಿನ ಈ ಸಣ್ಣ ಜಿಗಣೆ ಒದ್ದೆ ಎಲೆಗಳ ನಡುವೆ ತಲೆ ಎತ್ತಿ ತೂಗುತ್ತ ಕಾಯುತ್ತದೆ. ಮಲೆನಾಡಿನವರು ಮಾಡುವುದನ್ನೇ ಮಾಡಿ: ಅಂಗೈಯಗಲ ಹತ್ತಿ ಬಟ್ಟೆಯಲ್ಲಿ ಕಲ್ಲುಪ್ಪು ಕಟ್ಟಿ, ಆ ಗಂಟನ್ನು ಕೋಲಿನ ತುದಿಗೆ ಬಿಗಿದು, ನೀರಿನಲ್ಲಿ ಒಮ್ಮೆ ಅದ್ದಿಕೊಳ್ಳಿ. ಕಚ್ಚಿದ ಇಂಬಳಕ್ಕೆ ತಾಗಿಸಿದರೆ ಸುರುಳಿಯಾಗಿ ಉದುರುತ್ತದೆ, ಬಗ್ಗುವುದೂ ಬೇಡ. ಕಿತ್ತು ಎಳೆಯಬೇಡಿ, ಗಾಯ ದೊಡ್ಡದಾಗುತ್ತದೆ. ಇಂಬಳದ ಜೊಲ್ಲು ರಕ್ತ ಹೆಪ್ಪುಗಟ್ಟದಂತೆ ಮಾಡುವುದರಿಂದ ಬಹಳ ಹೊತ್ತು ಜಿನುಗುತ್ತದೆ, ಗಾಬರಿ ಬೇಡ. ಒತ್ತಿ ಹಿಡಿದು ಪಟ್ಟಿ ಹಾಕಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಮಳೆಯ ಹಿಂದುಮುಂದಿನ ದಿನಗಳನ್ನು ತಪ್ಪಿಸಿ.

ಹೆದರಬೇಕಾದದ್ದು ಉಣುಗಿಗೆ, ಅಂದರೆ ಮೈಗೆ ಅಂಟಿಕೊಂಡು ರಕ್ತ ಹೀರುವ ಉಣ್ಣೆಹುಳಕ್ಕೆ; ಅದನ್ನು ಕೇಳುವವರೇ ಇಲ್ಲ. ಮಂಗನ ಕಾಯಿಲೆ ಹರಡುವುದು ಅದರಿಂದ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ವೈರಾಣು ಜ್ವರ ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗೆ ಕಾಣಿಸಿಕೊಳ್ಳುತ್ತದೆ. ಅಂದರೆ ನಿಮ್ಮ ಚಾರಣದ ಕಾಲದ ಕೊನೆಯ ಎರಡು ತಿಂಗಳೂ ಅದರೊಳಗೇ ಬರುತ್ತವೆ. ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡದ ಕಡೆ ಹೋಗುವವರು ತುಂಬುತೋಳಿನ ತಿಳಿಬಣ್ಣದ ಅಂಗಿ ಹಾಕಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕಾಡಂಚಿನ ಊರುಗಳಲ್ಲಿ ಹಂಚುವ ಡೆಪಾ ತೈಲದಂಥದ್ದನ್ನು ಹಚ್ಚಿಕೊಳ್ಳಿ. ಒಣಗಿದೆಲೆಯ ರಾಶಿಯ ಮೇಲೆ ಕೂರಬೇಡಿ. ಸಂಜೆ ಬಂದ ಕೂಡಲೇ ಬಿಸಿನೀರು, ಸಾಬೂನು, ಬಟ್ಟೆ ಬದಲು, ಕಂಕುಳು, ತೊಡೆಸಂದು, ಕಿವಿಯ ಹಿಂದೆ ತಡಕಿ ನೋಡಿ. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಹಿಂದಿರುಗಿದ ಮೇಲೆ ಒಂದೆರಡು ವಾರದೊಳಗೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ವೈದ್ಯರಿಗೆ "ಕಾಡಿಗೆ ಹೋಗಿದ್ದೆ" ಎಂದು ಮೊದಲ ಮಾತಿನಲ್ಲೇ ಹೇಳಿ. ನಗರದ ವೈದ್ಯರಿಗೆ ಅದು ಹೊಳೆಯದೇ ಹೋಗಬಹುದು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಸಿಬ್ಬಂದಿಗೆ ತಿಳಿಸಿ.

ಬಂಡೆಯ ಕೆಳಗೆ ಹೆಜ್ಜೇನು ಕಟ್ಟಿರುತ್ತದೆ: ಸುಗಂಧ ಬೇಡ, ಹೊಗೆ ಬೇಡ, ಕೂಗಾಟ ಬೇಡ. ಕಾಟಿ ಎದುರಾದರೆ ಅಲ್ಲೇ ನಿಂತು, ಅದಕ್ಕೆ ಹೋಗಲು ದಾರಿ ಬಿಟ್ಟು ನಿಧಾನವಾಗಿ ಹಿಂದೆ ಸರಿಯಿರಿ. ಆನೆಯ ಲದ್ದಿ ಇನ್ನೂ ಹಬೆಯಾಡುತ್ತಿದ್ದರೆ ಆ ದಿನದ ಚಾರಣ ಅಲ್ಲಿಗೆ ಮುಗಿಯಿತು ಎಂದುಕೊಳ್ಳಿ.

9. ಎಡವಟ್ಟಾದರೆ

ಹೊರಡುವ ಮೊದಲು ಹೋಂಸ್ಟೇಯವರಿಗೆ ಒಂದು ಚೀಟಿ ಕೊಡಿ: ಎಷ್ಟು ಜನ, ಯಾವ ದಾರಿ, ಎಷ್ಟು ಗಂಟೆಗೆ ವಾಪಸು. ಆ ಗಂಟೆ ದಾಟಿದರೆ ಹುಡುಕಲು ಶುರುಮಾಡುವವರು ಅವರೇ. ದಾರಿ ತಪ್ಪಿತು ಅನ್ನಿಸಿದ ಕೂಡಲೇ ನಿಲ್ಲಿ. ಹಳ್ಳ ಹಿಡಿದು ಇಳಿದರೆ ಊರು ಸಿಗುತ್ತದೆ ಎಂಬ ಮಾತು ಘಟ್ಟದಲ್ಲಿ ನಡೆಯುವುದಿಲ್ಲ. ಇಲ್ಲಿ ಹಳ್ಳ ಇಳಿದರೆ ಅಬ್ಬಿಯ (ಜಲಪಾತದ) ತಲೆಗೆ ಹೋಗಿ ನಿಲ್ಲುತ್ತೀರಿ. ಕೊನೆಯದಾಗಿ ದಾರಿ ಸ್ಪಷ್ಟವಾಗಿದ್ದ ಜಾಗಕ್ಕೆ ಮರಳಿ, ಅಲ್ಲೇ ಇದ್ದು ಸೀಟಿ ಊದಿ, ಮೂರು ಮೂರು ಸಲ.

ಹಾವು ಕಚ್ಚಿದರೆ ಹಗ್ಗ ಬಿಗಿಯಬೇಡಿ, ಕುಯ್ಯಬೇಡಿ, ಬಾಯಿಂದ ಹೀರಬೇಡಿ, ಹಾವನ್ನು ಹುಡುಕಿ ಕೊಲ್ಲಲು ಹೋಗಬೇಡಿ. ಉಂಗುರ, ಗಡಿಯಾರ ಬಿಚ್ಚಿಸಿ, ಕಚ್ಚಿದ ಕೈ ಅಥವಾ ಕಾಲನ್ನು ಕೋಲು ಕಟ್ಟಿ ಅಲುಗದಂತೆ ಮಾಡಿ, ಆದಷ್ಟು ನಡೆಸದೆ ಹೊತ್ತು ತನ್ನಿ. ನಾಟಿ ಔಷಧಿಗೆ ಹೊತ್ತು ಕಳೆಯದೆ ನೇರವಾಗಿ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಕಾಲು ಉಳುಕಿದರೆ ಬೂಟು ಬಿಚ್ಚಬೇಡಿ, ಊದಿದ ಮೇಲೆ ಮತ್ತೆ ಹಾಕಲಾಗುವುದಿಲ್ಲ. ಬೂಟಿನ ಮೇಲೆಯೇ ಪಟ್ಟಿ ಬಿಗಿದು ಇಳಿಸಿ.

ತುರ್ತು ಕರೆಗೆ 112, ಆಂಬುಲೆನ್ಸ್‌ಗೆ 108, ಅರಣ್ಯ ಇಲಾಖೆಯ ಸಹಾಯವಾಣಿ 1926. ನಿಮ್ಮ ಮೊಬೈಲಿನಲ್ಲಿ ಸಂಪರ್ಕ ಕಾಣದಿದ್ದರೂ 112ಕ್ಕೆ ಪ್ರಯತ್ನಿಸಿ, ಬೇರೆ ಕಂಪನಿಯ ಗೋಪುರದಿಂದಲೂ ಆ ಕರೆ ಹೋಗಬಹುದು. ಆಗದಿದ್ದರೆ ಗಾಯಗೊಂಡವರ ಬಳಿ ಒಬ್ಬರು ಉಳಿದು, ಇಬ್ಬರು ಒಟ್ಟಿಗೆ ಏಣಿನ ತೆರೆದ ಜಾಗಕ್ಕೆ ಹೋಗಿ ಕರೆ ಮಾಡಿ. ಈ ಕಾರಣಕ್ಕೇ ಮೂರನೆಯ ಮತ್ತು ನಾಲ್ಕನೆಯ ಬಗೆಯ ದಾರಿಗಳಿಗೆ ನಾಲ್ವರಿಗಿಂತ ಕಡಿಮೆ ಜನ ಹೋಗಬಾರದು.